ಪೋಕೆಮಾನ್ ಟಿಸಿಜಿ ಪಾಕೆಟ್: ಒಂದಕ್ಕೊಂದು ಹೆಗಲು ಕೊಡುವ ಕಾರ್ಡ್‌ಗಳ ಡೆಕ್ ಕಟ್ಟುವ ಬಗೆ

ಬಲವಾದ ಕಾರ್ಡ್‌ಗಳನ್ನೆಲ್ಲ ಆರಿಸಿ ಒಂದೇ ಡೆಕ್‌ಗೆ ತುಂಬಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತಾಗುತ್ತದೆ. ಮೊಬೈಲ್‌ನಲ್ಲಿ ಇಬ್ಬರು ಎದುರುಬದುರಾಗಿ ಆಡುವ ಕಾರ್ಡ್ ಆಟ ಪೋಕೆಮಾನ್ ಟಿಸಿಜಿ ಪಾಕೆಟ್‌ನಲ್ಲಿ ಇದು ಬೇಗ ಬಯಲಾಗುತ್ತದೆ. ಡೆಕ್ ಚಿಕ್ಕದು, ಆಟ ಚುಟುಕು, ತಪ್ಪು ಸರಿಪಡಿಸಿಕೊಳ್ಳುವಷ್ಟು ಸರದಿಗಳೇ ಸಿಗುವುದಿಲ್ಲ. ಕಾರ್ಡ್‌ಗಳನ್ನು ಜೋಡಿಸುವ ಲೆಕ್ಕವನ್ನು ಇಲ್ಲಿ ಒಂದೇ ಉದಾಹರಣೆ ಹಿಡಿದು ನೋಡೋಣ: ಮ್ಯೂಟು ಇಎಕ್ಸ್ ಮತ್ತು ಗಾರ್ಡೆವಾರ್ ಎಂಬ ಎರಡು ಪೋಕೆಮಾನ್ ಕಾರ್ಡ್‌ಗಳು (ಇಎಕ್ಸ್ ಅನ್ನುವುದು ಹೆಚ್ಚು ಬಲದ ಕಾರ್ಡ್‌ನ ಗುರುತು). 2024ರ ಅಕ್ಟೋಬರ್ 30ರಂದು ಆಟ ಬಿಡುಗಡೆಯಾದಾಗ ಬಂದ ಮೊದಲ ಸೆಟ್, ಜೆನೆಟಿಕ್ ಏಪೆಕ್ಸ್‌ನ ಜೋಡಿ ಇದು. ಆಮೇಲೆ ಇದಕ್ಕಿಂತ ಜೋರಾದ ಕಾರ್ಡ್‌ಗಳು ಬಂದಿವೆ. ಆದರೂ ಲೆಕ್ಕ ಕಲಿಯುವುದಕ್ಕೆ ಇಷ್ಟು ಚೊಕ್ಕವಾದ ಜೋಡಿ ಸಿಗುವುದು ಕಷ್ಟ.

ಮೊದಲು, ಜೋಡಿಯ ಮೇಲೆ ನೇರ ಪರಿಣಾಮ ಬೀರುವ ನಿಯಮಗಳು. ಡೆಕ್‌ನಲ್ಲಿ 20 ಕಾರ್ಡ್. ಒಂದೇ ಹೆಸರಿನ ಕಾರ್ಡ್ 2ಕ್ಕಿಂತ ಹೆಚ್ಚು ಇಡುವಂತಿಲ್ಲ. ಆರಂಭದಲ್ಲಿ ಕೈಗೆ 5 ಕಾರ್ಡ್ ಬರುತ್ತವೆ, ಅದರಲ್ಲಿ ಒಂದಾದರೂ ಬೇಸಿಕ್ ಪೋಕೆಮಾನ್ (ಕೈಯಿಂದ ನೇರವಾಗಿ ಇಳಿಸಬಹುದಾದದ್ದು) ಇದ್ದೇ ಇರುತ್ತದೆ. ಮುಂದೆ, ಆಕ್ಟಿವ್ ಸ್ಥಾನದಲ್ಲಿ, ನಿಂತು ಹೊಡೆಯುವುದು ಒಂದೇ ಪೋಕೆಮಾನ್. ಹಿಂದೆ ಕಾಯುವ ಸಾಲು, ಅಂದರೆ ಬೆಂಚ್‌ನಲ್ಲಿ ಮೂರಕ್ಕೇ ಜಾಗ. ಹೊಡೆಯಲು ಪೋಕೆಮಾನ್‌ಗೆ ಹಚ್ಚಬೇಕಾದ ಎನರ್ಜಿ ಡೆಕ್‌ನಿಂದ ಬರುವುದಿಲ್ಲ, ಸರದಿಗೊಂದರಂತೆ ಎನರ್ಜಿ ಝೋನ್‌ನಲ್ಲಿ ಹುಟ್ಟುತ್ತದೆ. ಮೊದಲು ಆಡುವವರಿಗೆ ಮೊದಲ ಸರದಿಯಲ್ಲಿ ಅದೂ ಇಲ್ಲ. ಇಬ್ಬರೂ ತಮ್ಮ ಮೊದಲ ಸರದಿಯಲ್ಲಿ ಪೋಕೆಮಾನ್ ವಿಕಾಸ (ಇಳಿಸಿದ ಕಾರ್ಡ್ ಮೇಲೆ ಅದರ ಮುಂದಿನ ರೂಪದ ಕಾರ್ಡ್ ಇಡುವುದು) ಮಾಡುವಂತಿಲ್ಲ, ಅದೇ ಸರದಿಯಲ್ಲಿ ಇಳಿಸಿದ ಪೋಕೆಮಾನನ್ನೂ ವಿಕಾಸ ಮಾಡುವಂತಿಲ್ಲ. ಸಪೋರ್ಟರ್ ಕಾರ್ಡ್ (ನೆರವಿಗೆ ಆಡುವ ವ್ಯಕ್ತಿಗಳ ಕಾರ್ಡ್) ಸರದಿಗೆ ಒಂದೇ. ಸಾಮಾನ್ಯ ಪೋಕೆಮಾನ್ ಬಿದ್ದರೆ ಎದುರಾಳಿಗೆ 1 ಅಂಕ, ಇಎಕ್ಸ್ ಬಿದ್ದರೆ 2. ಮೂರು ಅಂಕಕ್ಕೆ ಆಟ ಮುಗಿಯಿತು.

ಹಂತ 1: ಹೊಡೆತದ ಬೆಲೆ ಓದಿ, ಆಮೇಲೆ ಅದನ್ನು ತೀರಿಸುವ ಕಾರ್ಡ್ ಹುಡುಕಿ

ಮ್ಯೂಟು ಇಎಕ್ಸ್‌ಗೆ 150 ಎಚ್‌ಪಿ, ಅಂದರೆ ಒಟ್ಟು 150 ಡ್ಯಾಮೇಜ್ ಆದರೆ ಬೀಳುತ್ತದೆ. ಅದರ ಸಣ್ಣ ಹೊಡೆತ ಸೈಕಿಕ್ ಸ್ಫಿಯರ್‌ಗೆ 2 ಎನರ್ಜಿ ಬೇಕು, 50 ಡ್ಯಾಮೇಜ್. ದೊಡ್ಡ ಹೊಡೆತ ಸೈಡ್ರೈವ್‌ಗೆ 4 ಎನರ್ಜಿ ಬೇಕು, 150 ಡ್ಯಾಮೇಜ್, ಆದರೆ ಹೊಡೆದ ಮೇಲೆ 2 ಸೈಕಿಕ್ (ಮ್ಯೂಟುವಿನ ಬಗೆಯ) ಎನರ್ಜಿ ಹೋಗಿಬಿಡುತ್ತದೆ. ಹೊಸಬರು ಇಲ್ಲಿ 150 ಅನ್ನುವ ಅಂಕಿಯನ್ನು ನೋಡುತ್ತಾರೆ. ನೋಡಬೇಕಾದದ್ದು ಆ ಎರಡು ಎನರ್ಜಿಯ ನಷ್ಟ. ಮ್ಯೂಟು ಒಂದೇ ಇದ್ದರೆ, ಹೊಡೆತದ ನಂತರ 2 ಉಳಿದು, ಮುಂದಿನ ಸರದಿಗೆ 3 ಆಗುತ್ತದೆ. ಆಗ 50ರ ಹೊಡೆತವೇ ಗತಿ. ಅಂದರೆ ಒಂದು ಸರದಿ 150, ಒಂದು ಸರದಿ 50, ಹೀಗೆ ಕುಂಟುತ್ತಾ ಸಾಗುತ್ತದೆ.

ಗಾರ್ಡೆವಾರ್ ಈ ಕೊರತೆಯನ್ನು ಕರಾರುವಾಕ್ಕಾಗಿ ತುಂಬುತ್ತದೆ. ಅದರ ಸೈ ಶ್ಯಾಡೋ ಸಾಮರ್ಥ್ಯದಿಂದ ಸರದಿಗೊಮ್ಮೆ ಎನರ್ಜಿ ಝೋನ್‌ನಿಂದ ಒಂದು ಸೈಕಿಕ್ ಎನರ್ಜಿ ತೆಗೆದು ಆಕ್ಟಿವ್ ಸ್ಥಾನದಲ್ಲಿರುವ ಸೈಕಿಕ್ ಪೋಕೆಮಾನ್‌ಗೆ ಹಚ್ಚಬಹುದು. ಮಾಮೂಲಿನ ಒಂದು, ಗಾರ್ಡೆವಾರ್‌ನದು ಒಂದು. ಹೋದದ್ದು ಎರಡು, ಬಂದದ್ದು ಎರಡು. ಬೆಂಚ್‌ನಲ್ಲಿ ಗಾರ್ಡೆವಾರ್ ಕೂತಿರುವವರೆಗೆ ಮ್ಯೂಟು ಪ್ರತಿ ಸರದಿಯೂ 150 ಹೊಡೆಯುತ್ತದೆ. ಜೋಡಿ ಅಂದರೆ ಇದು: ಒಂದರ ಖರ್ಚು ಇನ್ನೊಂದರ ಆದಾಯಕ್ಕೆ ಸರಿಹೊಂದಬೇಕು. ಎರಡೂ ಸೈಕಿಕ್ ಅನ್ನುವ ಒಂದೇ ಕಾರಣಕ್ಕೆ ಎರಡು ಕಾರ್ಡ್ ಜೋಡಿಯಾಗುವುದಿಲ್ಲ.

ಕಾರ್ಡ್‌ನ ಬರಹ ಓದುವಾಗ ಒಂದು ಎಚ್ಚರ. ಆಟ ಕನ್ನಡದಲ್ಲಿಲ್ಲ, ಇಂಗ್ಲಿಷ್ ಬರಹವನ್ನೇ ಓದಬೇಕು. ಅವಸರದಲ್ಲಿ ‘ಆಕ್ಟಿವ್ ಸ್ಥಾನದಲ್ಲಿರುವ’ ಎಂಬ ಮಾತು ಕಣ್ತಪ್ಪುತ್ತದೆ. ಸೈ ಶ್ಯಾಡೋದಿಂದ ಬೆಂಚ್‌ನ ಮ್ಯೂಟುವಿಗೆ ಎನರ್ಜಿ ಹೋಗುವುದಿಲ್ಲ. ಮುಂದೆ ರಾಲ್ಟ್ಸ್ (ಗಾರ್ಡೆವಾರ್‌ನ ಬೇಸಿಕ್ ರೂಪ, ನಡುವಿನದು ಕಿರ್ಲಿಯಾ) ಸಿಕ್ಕಿಕೊಂಡು ಮ್ಯೂಟು ಹಿಂದೆ ಕೂತಿದ್ದರೆ ಇಡೀ ಯಂತ್ರ ನಿಂತ ಹಾಗೆ.

ಹಂತ 2: ಯಾವ ಸರದಿಯಲ್ಲಿ ಕೂಡಿಬರುತ್ತದೆ ಎಂದು ಬರೆದಿಟ್ಟುಕೊಳ್ಳಿ

ಎರಡನೆಯವರಾಗಿ ಆಡುವಾಗ: ನಿಮ್ಮ 1ನೇ ಸರದಿಯಲ್ಲಿ ಮ್ಯೂಟು ಮುಂದೆ, ರಾಲ್ಟ್ಸ್ ಬೆಂಚ್‌ಗೆ, ಒಂದು ಎನರ್ಜಿ ಮ್ಯೂಟುವಿಗೆ. 2ನೇ ಸರದಿಯಲ್ಲಿ ರಾಲ್ಟ್ಸ್ ಕಿರ್ಲಿಯಾ ಆಗುತ್ತದೆ, ಮ್ಯೂಟುವಿಗೆ ಎರಡನೇ ಎನರ್ಜಿ, ಸೈಕಿಕ್ ಸ್ಫಿಯರ್ 50. 3ನೇ ಸರದಿಯಲ್ಲಿ ಕಿರ್ಲಿಯಾ ಗಾರ್ಡೆವಾರ್ ಆಗುತ್ತದೆ, ಮಾಮೂಲಿನ ಎನರ್ಜಿ ಸೇರಿ 3, ಸೈ ಶ್ಯಾಡೋದಿಂದ 4, ಸೈಡ್ರೈವ್ 150.

ಮೊದಲನೆಯವರಾಗಿ ಆಡುವಾಗ ಒಂದು ಎನರ್ಜಿ ಹಿಂದೆ ಬೀಳುತ್ತೀರಿ. 3ನೇ ಸರದಿಗೆ ಗಾರ್ಡೆವಾರ್ ಸಿದ್ಧವಿದ್ದರೂ ಮ್ಯೂಟುವಿನ ಮೇಲೆ 3 ಎನರ್ಜಿಯೇ ಇರುತ್ತದೆ, ಮೊದಲ ಸೈಡ್ರೈವ್ 4ನೇ ಸರದಿಗೆ. ಯಾರು ಮೊದಲು ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಆದ್ದರಿಂದ ಎರಡೂ ವೇಳಾಪಟ್ಟಿ ಬಾಯಿಪಾಠವಾಗಿರಲಿ. ಇನ್ನಾವುದೇ ಜೋಡಿ ಕಟ್ಟುವಾಗಲೂ ಹೀಗೇ ಸರದಿ ಸರದಿಯಾಗಿ ಬರೆದು ನೋಡಿ. ಎಲ್ಲವೂ ಅಂದುಕೊಂಡಂತೆ ಬಂದರೂ 5ನೇ ಸರದಿಗೆ ಮುಂಚೆ ಕೂಡಿಬರುವುದಿಲ್ಲ ಎಂದಾದರೆ, ಅಲ್ಲಿಯವರೆಗೆ ಏಟು ತಿನ್ನುವವರು ಯಾರು ಎಂದು ಮೊದಲು ಯೋಚಿಸಿ.

ಹಂತ 3: ತುಂಡುಗಳನ್ನು ಎಣಿಸಿ

ಹೆಚ್ಚಿನ ಡೆಕ್‌ಗಳು ಸೋಲುವುದು ಇಲ್ಲಿ. ಜೋಡಿ ಎಂದು ಬಾಯಲ್ಲಿ ಹೇಳುತ್ತೇವೆ, ಆದರೆ ಕೈಗೆ ಬರಬೇಕಾದ ಬೇರೆ ಬೇರೆ ಕಾರ್ಡ್‌ಗಳು ನಾಲ್ಕು: ಮ್ಯೂಟು, ರಾಲ್ಟ್ಸ್, ಕಿರ್ಲಿಯಾ, ಗಾರ್ಡೆವಾರ್. 3ನೇ ಸರದಿಯ ಹೊತ್ತಿಗೆ ಆರಂಭದ 5, ಸರದಿಗೊಂದರಂತೆ 3, ಒಟ್ಟು 8 ಕಾರ್ಡ್ ನೋಡಿರುತ್ತೀರಿ. ನಡುವೆ ಎರಡು ಕಾರ್ಡ್ ಎಳೆಯುವ ಪ್ರೊಫೆಸರ್ಸ್ ರಿಸರ್ಚ್ ಒಂದನ್ನು ಆಡಿದ್ದರೆ ಇನ್ನೆರಡು ಸೇರಿ 10, ಅಂದರೆ ಅರ್ಧ ಡೆಕ್.

10 ಕಾರ್ಡ್‌ಗಳಲ್ಲಿ, 2 ಪ್ರತಿ ಇರುವ ಒಂದು ಕಾರ್ಡ್ ಸಿಗುವ ಸಾಧ್ಯತೆ ಶೇ 76. ಅಂಥ ಎರಡು ಬೇರೆ ಕಾರ್ಡ್‌ಗಳೂ ಸಿಗುವುದು ಶೇ 57. ಮೂರಕ್ಕೆ ಶೇ 41. ನಾಲ್ಕಕ್ಕೆ ಶೇ 29. ಬೇಸಿಕ್ ಖಚಿತ ಎಂಬ ನಿಯಮವನ್ನೂ, ಡೆಕ್‌ನಿಂದ ಒಂದು ಬೇಸಿಕ್ ತರುವ ಪೋಕೆ ಬಾಲನ್ನೂ ಲೆಕ್ಕಕ್ಕೆ ತಂದರೆ ಅಂಕಿ ಸ್ವಲ್ಪ ಮೇಲೇರುತ್ತದೆ, ಆದರೆ ಇಳಿಜಾರು ಇಷ್ಟೇ ಕಡಿದು. ಅರ್ಧ ಡೆಕ್ ತಿರುವಿ ಹಾಕಿದರೂ ನಾಲ್ಕೂ ತುಂಡು ಕೂಡಿಬರುವುದು ಮೂರು ಆಟಕ್ಕೊಂದು ಅನ್ನಿ. ಮಿಕ್ಕ ಆಟಗಳಲ್ಲಿ ಏನು ಮಾಡುತ್ತೀರಿ ಎಂಬುದಕ್ಕೂ ಡೆಕ್‌ನಲ್ಲಿ ಉತ್ತರವಿರಬೇಕು. ಮ್ಯೂಟು ಡೆಕ್‌ಗೆ ಆ ಉತ್ತರ ಸೈಕಿಕ್ ಸ್ಫಿಯರ್: ಎರಡೇ ಎನರ್ಜಿ, ಏನೂ ಕಳೆದುಕೊಳ್ಳದೆ 50. ಗಾರ್ಡೆವಾರ್ ತಡವಾದರೂ ಡೆಕ್ ಸುಮ್ಮನೆ ಕೂರುವುದಿಲ್ಲ. ತುಂಡುಗಳು ಕೂಡಿಬರುವ ತನಕ ಒಂದು ಹೊಡೆತವನ್ನೂ ಹೊಡೆಯಲಾಗದ ಜೋಡಿ ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಕಟ್ಟುವುದು ಬೇಡ.

ತುಂಡುಗಳ ಹೊರೆ ಇಳಿಸುವ ದಾರಿಯೂ ಇದೆ. 2025ರ ಏಪ್ರಿಲ್‌ನ ಸೆಲೆಸ್ಟಿಯಲ್ ಗಾರ್ಡಿಯನ್ಸ್ ಸೆಟ್‌ನಲ್ಲಿ ಬಂದ ರೇರ್ ಕ್ಯಾಂಡಿ, ಬೇಸಿಕ್‌ನಿಂದ ನೇರವಾಗಿ ಸ್ಟೇಜ್ 2ಕ್ಕೆ (ಎರಡನೇ ವಿಕಾಸ, ಇಲ್ಲಿ ಗಾರ್ಡೆವಾರ್) ಜಿಗಿಸುತ್ತದೆ. ನಡುವಿನ ಕಾರ್ಡ್ ಬೇಕಿಲ್ಲ. ನಿಮ್ಮ ಮೊದಲ ಸರದಿಯಲ್ಲಿ ಇದನ್ನು ಆಡುವಂತಿಲ್ಲ, ಅದೇ ಸರದಿಯಲ್ಲಿ ಇಳಿಸಿದ ಬೇಸಿಕ್ ಮೇಲೂ ನಡೆಯುವುದಿಲ್ಲ. 2 ಕಿರ್ಲಿಯಾ ಜೊತೆ 2 ಕ್ಯಾಂಡಿ ಇಟ್ಟರೆ ನಡುವಿನ ಮೆಟ್ಟಿಲಿಗೆ 4 ಕಾರ್ಡ್ ಆದಂತಾಯಿತು, ಮೇಲಿನ ಶೇ 29 ಶೇ 39ಕ್ಕೆ ಏರುತ್ತದೆ. ಮೊದಲನೆಯವರಾಗಿ ಆಡುವಾಗ ಲಾಭ ಇನ್ನೂ ಸ್ಪಷ್ಟ: 2ನೇ ಸರದಿಗೇ ಗಾರ್ಡೆವಾರ್ ಬಂದರೆ ಆಗಲೇ 2 ಎನರ್ಜಿ, 3ನೇ ಸರದಿಗೆ 4. ಸೈಡ್ರೈವ್ ಒಂದು ಸರದಿ ಮುಂಚೆ.

ಹಂತ 4: 20 ಕಾರ್ಡ್ ತುಂಬುವುದು

ಪೋಕೆಮಾನ್ 8: ಮ್ಯೂಟು ಇಎಕ್ಸ್ 2, ರಾಲ್ಟ್ಸ್ 2, ಕಿರ್ಲಿಯಾ 2, ಗಾರ್ಡೆವಾರ್ 2.
ಹುಡುಕುವ ಕಾರ್ಡ್ 4: ಪ್ರೊಫೆಸರ್ಸ್ ರಿಸರ್ಚ್ 2, ಪೋಕೆ ಬಾಲ್ 2.
ಉಳಿದ 8: ಸಬ್ರಿನಾ 2 (ಎದುರಾಳಿಯ ಆಕ್ಟಿವ್ ಪೋಕೆಮಾನನ್ನು ಬೆಂಚ್‌ಗೆ ಕಳಿಸುತ್ತದೆ), ಜಿಯೊವಾನಿ 2 (ಹೊಡೆತಕ್ಕೆ 10 ಸೇರಿಸುತ್ತದೆ), ಎಕ್ಸ್ ಸ್ಪೀಡ್ 2 (ಹಿಂದೆ ಸರಿಯುವ ಬೆಲೆ ಇಳಿಸುತ್ತದೆ), ಪೋಷನ್ 2 (ಪೆಟ್ಟು ಗುಣಪಡಿಸುತ್ತದೆ).

ರೇರ್ ಕ್ಯಾಂಡಿ ಇದ್ದರೆ ಪೋಷನ್ ಎರಡನ್ನೂ ತೆಗೆದು ಆ ಜಾಗಕ್ಕೆ ಹಾಕಿ. ಎನರ್ಜಿ ಬಗೆ ಸೈಕಿಕ್ ಒಂದೇ ಇರಲಿ; ಎರಡು ಬಗೆ ಆರಿಸಿದರೆ ಯಾವುದು ಹುಟ್ಟುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು, ಹಂತ 2ರಲ್ಲಿ ಬರೆದ ವೇಳಾಪಟ್ಟಿ ಅಲ್ಲಿಗೆ ಹಾಳು.

ಬೇಸಿಕ್ ನಾಲ್ಕೇ ಇವೆಯಲ್ಲ, ಇನ್ನೆರಡು ಸೇರಿಸಬಾರದೇ ಎಂದು ಅನ್ನಿಸಬಹುದು. ಸೇರಿಸದಿರುವುದೇ ಇಲ್ಲಿನ ಜಾಣತನ. ಪೋಕೆ ಬಾಲ್ ಡೆಕ್‌ನಿಂದ ಯಾವುದೋ ಒಂದು ಬೇಸಿಕ್ ಅನ್ನು ಕೈಗೆ ತರುತ್ತದೆ, ಆರಿಸುವ ಹಕ್ಕು ನಿಮಗಿಲ್ಲ. ಕೈಯಲ್ಲಿ ಒಂದು ರಾಲ್ಟ್ಸ್ ಇದ್ದು ಮಿಕ್ಕ ಮೂರೂ ಬೇಸಿಕ್ ಡೆಕ್‌ನಲ್ಲಿದ್ದರೆ, ಬಾಲ್‌ಗೆ ಮ್ಯೂಟು ಸಿಗುವ ಸಾಧ್ಯತೆ ಮೂರರಲ್ಲಿ ಎರಡು. ಜಿಂಕ್ಸ್‌ನಂಥ ಬೇರೆ ಬೇಸಿಕ್ ಎರಡು ಸೇರಿಸಿದಿರೋ, ಅದು ಐದರಲ್ಲಿ ಎರಡಕ್ಕೆ ಇಳಿಯಿತು. ಬೇಸಿಕ್ ಕಡಿಮೆ ಇದ್ದಷ್ಟೂ ಪೋಕೆ ಬಾಲ್ ಬೇಕಾದ್ದನ್ನೇ ತರುವ ಕಾರ್ಡ್ ಆಗುತ್ತಾ ಹೋಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ: ಐದು ಆಟಗಳಲ್ಲಿ ಸುಮಾರು ಎರಡರಲ್ಲಿ ಆರಂಭದ ಕೈಯಲ್ಲಿ ರಾಲ್ಟ್ಸ್ ಮಾತ್ರ ಬಂದು ಅದನ್ನೇ ಮುಂದೆ ನಿಲ್ಲಿಸಬೇಕಾಗುತ್ತದೆ. ಎಕ್ಸ್ ಸ್ಪೀಡ್ ಎರಡು ಇಟ್ಟಿರುವುದು ಅದಕ್ಕೇ. ರಾಲ್ಟ್ಸ್ ಹಿಂದೆ ಸರಿಯಲು ಒಂದು ಎನರ್ಜಿ ಬೇಕು. ಎಕ್ಸ್ ಸ್ಪೀಡ್ ಒಂದನ್ನು ಕಡಿಮೆ ಮಾಡುವುದರಿಂದ ಪುಕ್ಕಟೆಯಾಗಿ ಸರಿಯುತ್ತದೆ, ಎನರ್ಜಿ ಪೂರ್ತಿ ಮ್ಯೂಟುವಿಗೆ.

ಸಪೋರ್ಟರ್‌ಗಳನ್ನು ಆರಕ್ಕೆ ನಿಲ್ಲಿಸಿ. ರಿಸರ್ಚ್, ಸಬ್ರಿನಾ, ಜಿಯೊವಾನಿ ಮೂರೂ ಸಪೋರ್ಟರ್‌ಗಳೇ, ಸರದಿಗೆ ಒಂದೇ ನಡೆಯುವುದು. ಎಂಟು ಇಟ್ಟರೆ ಕೈಯಲ್ಲಿ ಮೂರು ಕೂತು, ಒಂದನ್ನು ಆಡಿ ಎರಡನ್ನು ನೋಡುತ್ತಾ ಇರಬೇಕಾಗುತ್ತದೆ.

ಹಂತ 5: ಸರದಿಯೊಳಗಿನ ಕ್ರಮ

ಒಂದೇ ಕಾರ್ಡ್‌ಗಳು, ಕ್ರಮ ತಪ್ಪಿದರೆ ಫಲ ಬೇರೆ. ಕಿರ್ಲಿಯಾವೋ ಗಾರ್ಡೆವಾರೋ ಬೇಕಾಗಿದ್ದರೆ ಮೊದಲು ಪೋಕೆ ಬಾಲ್, ಆಮೇಲೆ ರಿಸರ್ಚ್. ಬಾಲ್ ಒಂದು ಬೇಸಿಕ್ ಅನ್ನು ಡೆಕ್‌ನಿಂದ ಹೊರಗೆಳೆದಿರುತ್ತದೆ, ಹಾಗಾಗಿ ರಿಸರ್ಚ್‌ನ ಎರಡು ಕಾರ್ಡ್‌ಗಳಲ್ಲಿ ವಿಕಾಸದ ಕಾರ್ಡ್ ಸಿಗುವ ಸಂಭವ ಕೊಂಚ ಹೆಚ್ಚು. ಕಾರ್ಡ್ ಎಳೆಯುವುದೆಲ್ಲ ಮುಗಿದ ಮೇಲೆ ಬೆಂಚ್‌ಗೆ ಇಳಿಸಿ, ವಿಕಾಸ ಮಾಡಿ. ಆಮೇಲೆ ಹಿಂದೆ ಸರಿಯುವುದಿದ್ದರೆ ಸರಿಯಿರಿ. ಮ್ಯೂಟು ಮುಂದೆ ಬಂದ ನಂತರವೇ ಸೈ ಶ್ಯಾಡೋ ಒತ್ತಿ. ಮಾಮೂಲಿನ ಎನರ್ಜಿ ಕೊನೆಗೆ.

ಆ ಕೊನೆಯ ಎನರ್ಜಿಯಲ್ಲಿ ಒಂದು ಒಳಸುಳಿ ಇದೆ. ಮುಂದೆ ನಿಂತ ಮ್ಯೂಟು ಈ ಸರದಿಯಲ್ಲಿ ಹೊಡೆದು, ಎದುರಾಳಿಯ ಏಟಿಗೆ ಬೀಳುವುದು ಖಚಿತವಿದೆ ಅನ್ನಿ. ಅದಕ್ಕಾಗಲೇ 3 ಎನರ್ಜಿ ಇದೆ. ಸೈ ಶ್ಯಾಡೋದಿಂದ 4 ಮಾಡಿ ಹೊಡೆಯಿರಿ, ಮಾಮೂಲಿನದನ್ನು ಬೆಂಚ್‌ನ ಎರಡನೇ ಮ್ಯೂಟುವಿಗೆ ಹಚ್ಚಿ. ಸಾಯುವ ಮ್ಯೂಟುವಿನ ಮೇಲೆ ಐದನೇ ಎನರ್ಜಿ ಸುರಿಯುವುದು ಈ ಡೆಕ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು.

ಕಿರ್ಲಿಯಾವನ್ನು ಕೈಯಲ್ಲೇ ಇಟ್ಟುಕೊಂಡು ಕಾಯಬೇಡಿ. ಎದುರಾಳಿ ರೆಡ್ ಕಾರ್ಡ್ ಆಡಿದರೆ ನಿಮ್ಮ ಕೈಯಲ್ಲಿರುವುದೆಲ್ಲ ಡೆಕ್‌ಗೆ ಕಲಸಿಹೋಗಿ 3 ಕಾರ್ಡ್ ಮಾತ್ರ ಸಿಗುತ್ತವೆ. ಮೇಜಿನ ಮೇಲೆ ಇಳಿದದ್ದನ್ನು ರೆಡ್ ಕಾರ್ಡ್ ಮುಟ್ಟುವುದಿಲ್ಲ.

ಹಂತ 6: ಏಟಿನ ಗಡಿ ಲೆಕ್ಕ ಹಾಕಿ

150 ಯಾಕೆ ಒಳ್ಳೆಯ ಅಂಕಿ? ಜೆನೆಟಿಕ್ ಏಪೆಕ್ಸ್‌ನಲ್ಲಿ ಪಿಕಾಚು ಇಎಕ್ಸ್‌ಗೆ 120 ಎಚ್‌ಪಿ, ಝಾಪ್ಡಾಸ್ ಇಎಕ್ಸ್‌ಗೂ ಸ್ಟಾರ್ಮಿ ಇಎಕ್ಸ್‌ಗೂ 130, ಆರ್ಟಿಕ್ಯುನೊ ಇಎಕ್ಸ್‌ಗೂ ಮೋಲ್ಟ್ರಿಸ್ ಇಎಕ್ಸ್‌ಗೂ 140. ಒಂದೇ ಏಟಿಗೆ ಎಲ್ಲವೂ ಬೀಳುತ್ತವೆ. ಚಾರಿಝಾರ್ಡ್ ಇಎಕ್ಸ್‌ಗೆ 180 ಇರುವುದರಿಂದ ಜಿಯೊವಾನಿಯ ಹೆಚ್ಚುವರಿ 10 ಸೇರಿದರೂ ಒಂದೇ ಏಟಿಗೆ ಬೀಳದು. ಅದಕ್ಕೆ ಮೊದಲೇ ಒಂದು 50 ಬಿದ್ದಿರಬೇಕು. ಜಿಯೊವಾನಿ ನಿಜಕ್ಕೂ ಸಾರ್ಥಕವಾಗುವುದು ಇನ್ನೊಂದು ಕಡೆ: 2ನೇ ಸರದಿಯ 50, 60 ಆದರೆ 60 ಎಚ್‌ಪಿಯ ಚಾರ್ಮಾಂಡರ್, ರಾಲ್ಟ್ಸ್‌ನಂಥವು ಅಲ್ಲೇ ಮುಗಿಯುತ್ತವೆ.

ಪೋಷನ್ 20 ಎಚ್‌ಪಿ ಗುಣಪಡಿಸುತ್ತದೆ. ಅದನ್ನು ಕಂಡಾಗಲೆಲ್ಲ ಆಡುವುದು ವ್ಯರ್ಥ. ಎದುರಿಗೆ 90 ಹೊಡೆಯುವ ಸ್ಟಾರ್ಮಿಯೋ, ಬೆಂಚ್ ತುಂಬಿದ ಪಿಕಾಚುವೋ ಇದ್ದರೆ ಎರಡೇಟಿಗೆ 180. ನಿಮ್ಮ ಮ್ಯೂಟುವಿನ 150ಕ್ಕೆ ಒಂದು ಪೋಷನ್ ಸೇರಿ 170, ಬೀಳುವುದು ಬೀಳುತ್ತದೆ. ಎರಡು ಪೋಷನ್ ಆಡಿದರೆ 190, ಉಳಿಯುತ್ತದೆ. 80 ಹೊಡೆಯುವ ಆರ್ಟಿಕ್ಯುನೊ ಎದುರು ಒಂದೇ ಪೋಷನ್ ಸಾಕು, 160ಕ್ಕೆ 170. ಆದರೆ ಎದುರಾಳಿ ಒಮ್ಮೆ ಜಿಯೊವಾನಿ ಆಡಿದರೆ ಅದೂ 170, ಲೆಕ್ಕ ಸರಿಸಮ, ಮ್ಯೂಟು ಹೋಯಿತು. ಇಷ್ಟು ಸಣ್ಣ ಕೂಡು-ಕಳೆಯುವಿಕೆ ಮಾಡದೆ ಪೋಷನ್ ಎರಡು ಜಾಗ ತಿನ್ನುವುದಾದರೆ ಆ ಜಾಗಕ್ಕೆ ರೆಡ್ ಕಾರ್ಡ್ ಹಾಕಿದರೂ ಆದೀತು.

ಎಲ್ಲಿ ಕೆಡುತ್ತದೆ

ಎದುರಾಳಿ ಸಬ್ರಿನಾ ಆಡಿದರೆ ನಿಮ್ಮ ಮುಂದಿರುವ ಪೋಕೆಮಾನ್ ಬೆಂಚ್‌ಗೆ ಹೋಗಬೇಕು, ಬದಲಿಗೆ ಯಾರು ಬರಬೇಕೆಂದು ಆರಿಸುವುದು ನೀವೇ. ಬೆಂಚ್‌ನಲ್ಲಿ ಗಾರ್ಡೆವಾರ್ ಒಂದೇ ಇದ್ದರೆ ಆಯ್ಕೆಯೇ ಇಲ್ಲ, ಅದೇ ಮುಂದೆ ಬರುತ್ತದೆ. ಹಿಂದೆ ಸರಿಯಲು ಅದಕ್ಕೆ 2 ಎನರ್ಜಿ ಬೇಕು, ಎಕ್ಸ್ ಸ್ಪೀಡ್ ಆಡಿದರೂ 1. ಸೈ ಶ್ಯಾಡೋ ಎನರ್ಜಿಯನ್ನು ಗಾರ್ಡೆವಾರ್ ತನಗೇ ಹಚ್ಚಿಕೊಳ್ಳಬಹುದು (ಆಗ ಅದೇ ಆಕ್ಟಿವ್ ತಾನೆ), ಆ ಒಂದನ್ನು ಎಕ್ಸ್ ಸ್ಪೀಡ್ ಜೊತೆ ಖರ್ಚು ಮಾಡಿ ಸರಿದರೆ ಮಾಮೂಲಿನ ಎನರ್ಜಿ ಮ್ಯೂಟುವಿಗೆ ಉಳಿಯುತ್ತದೆ. ಅದಕ್ಕಿಂತ ಸುಲಭ, ಬೆಂಚ್‌ನಲ್ಲಿ ಇನ್ನೊಂದು ಮ್ಯೂಟು ಇಟ್ಟಿರುವುದು.

ಆದರೆ ಎರಡು ಮ್ಯೂಟು ಇಳಿಸುವಾಗ ಅಂಕ ನೆನಪಿರಲಿ. ಎರಡೂ ಬಿದ್ದರೆ 4, ಅಂದರೆ ಸೋಲು. ಒಂದು ಮ್ಯೂಟು, ಒಂದು ರಾಲ್ಟ್ಸ್ ಬಿದ್ದರೂ ಸೋಲೇ. ಒಂದು ಮ್ಯೂಟು ಹೋದ ಮೇಲೆ ಮುಂದೆ ಏನೇ ಬಿದ್ದರೂ ಆಟ ಮುಗಿಯುವುದರಿಂದ, ಅಲ್ಲಿಂದಾಚೆ ರಾಲ್ಟ್ಸ್ ಅನ್ನು ಗುರಾಣಿಯಾಗಿ ಮುಂದೆ ನಿಲ್ಲಿಸುವ ಯೋಚನೆ ಬಿಡಿ. ಪೆಟ್ಟು ತಿಂದ ಮ್ಯೂಟುವನ್ನು ಹಿಂದಕ್ಕೆ ಎಳೆದು ಬಚ್ಚಿಡುವುದೂ ಮೊದಲಿನಷ್ಟು ಸುರಕ್ಷಿತವಲ್ಲ. 2025ರ ಜನವರಿಯ ಸ್ಪೇಸ್-ಟೈಮ್ ಸ್ಮ್ಯಾಕ್‌ಡೌನ್ ಸೆಟ್‌ನ ಸೈರಸ್, ಬೆಂಚ್‌ನಲ್ಲಿ ಪೆಟ್ಟಾಗಿ ಕೂತ ಪೋಕೆಮಾನನ್ನು ಆರಿಸಿ ಮುಂದಕ್ಕೆ ಎಳೆಯುತ್ತಾನೆ.

ಬೇರೆ ಬಗೆಯ ಜೋಡಿಗಳು

ಪಿಕಾಚು ಇಎಕ್ಸ್‌ನ ಸರ್ಕಲ್ ಸರ್ಕ್ಯೂಟ್ 2 ಎನರ್ಜಿಗೆ, ಬೆಂಚ್‌ನಲ್ಲಿರುವ ಪ್ರತಿ ಲೈಟ್ನಿಂಗ್ ಪೋಕೆಮಾನ್‌ಗೆ 30ರಂತೆ ಹೊಡೆಯುತ್ತದೆ, ಹೆಚ್ಚೆಂದರೆ 90. ತುಂಡುಗಳು ಇಲ್ಲೂ ನಾಲ್ಕು, ಆದರೆ ಮೂರಕ್ಕೆ ಯಾವ ಲೈಟ್ನಿಂಗ್ ಪೋಕೆಮಾನ್ ಆದರೂ ನಡೆಯುತ್ತದೆ. ಝಾಪ್ಡಾಸ್, ವೋಲ್ಟಾರ್ಬ್, ಬ್ಲಿಟ್ಝಲ್ ಸೇರಿ 8 ಬೇಸಿಕ್ ಇಟ್ಟರೆ ಪೋಕೆ ಬಾಲ್ ಏನು ತಂದರೂ ಲಾಭವೇ. ಮ್ಯೂಟು ಡೆಕ್‌ಗೆ ಹೇಳಿದ ‘ಬೇಸಿಕ್ ಕಡಿಮೆ ಇರಲಿ’ ಎಂಬ ಮಾತು ಇಲ್ಲಿ ತಲೆಕೆಳಗು. ಇದರ ಹುಳುಕು: ಮೊದಲ ಪಿಕಾಚು ಬಿದ್ದಾಗ ಬೆಂಚ್‌ನಿಂದ ಒಂದು ಮುಂದೆ ಬರಬೇಕು, ಬೆಂಚ್‌ನಲ್ಲಿ ಎರಡು ಉಳಿದು ಎರಡನೇ ಪಿಕಾಚುವಿನ ಏಟು 60ಕ್ಕೆ ಇಳಿಯುತ್ತದೆ. ಅದಕ್ಕೆ ಕೈಯಲ್ಲಿ ಒಂದು ಲೈಟ್ನಿಂಗ್ ಬೇಸಿಕ್ ಮಿಗಿಸಿಡಿ.

ನಾಣ್ಯದ ಮೇಲೆ ನಿಂತ ಜೋಡಿಗಳಲ್ಲಿ ಸರಾಸರಿಗಿಂತ ಸೊನ್ನೆ ಬರುವ ಸಾಧ್ಯತೆ ನೋಡಿ. ಮಿಸ್ಟಿ, ಟೇಲ್ಸ್ ಬೀಳುವವರೆಗೆ ನಾಣ್ಯ ಚಿಮ್ಮಿಸಿ, ಬಿದ್ದ ಹೆಡ್ಸ್‌ಗಳಷ್ಟು ವಾಟರ್ ಎನರ್ಜಿ ಒಂದು ಪೋಕೆಮಾನ್‌ಗೆ ಕೊಡುತ್ತಾಳೆ. ಸರಾಸರಿ 1 ಎಂದರೂ ಅರ್ಧದಷ್ಟು ಸಲ ಬರುವುದು ಸೊನ್ನೆಯೇ. ಮೊದಲನೆಯವರಾಗಿ ಆಡಿ ಮೊದಲ ಸರದಿಗೇ 3 ಎನರ್ಜಿಯ ಆರ್ಟಿಕ್ಯುನೊದಿಂದ ಹೊಡೆಯುವುದು ಎಂಟು ಸಲಕ್ಕೆ ಒಂದು, ಎರಡನೆಯವರಾದರೆ ನಾಲ್ಕಕ್ಕೆ ಒಂದು. ಮೋಲ್ಟ್ರಿಸ್ ಇಎಕ್ಸ್‌ನ ಇನ್‌ಫರ್ನೋ ಡ್ಯಾನ್ಸ್ ಒಂದೇ ಎನರ್ಜಿಗೆ ಮೂರು ನಾಣ್ಯ ಚಿಮ್ಮಿಸಿ ಬೆಂಚ್‌ಗೆ ಎನರ್ಜಿ ಹಚ್ಚುತ್ತದೆ. ಅಲ್ಲಿ ಸೊನ್ನೆಯಾಗುವುದು ಎಂಟಕ್ಕೆ ಒಂದೇ, ಹಾಗಾಗಿ ಚಾರಿಝಾರ್ಡ್ ಇಎಕ್ಸ್‌ನ ಜೊತೆ ಇದು ಮಿಸ್ಟಿಗಿಂತ ನೆಚ್ಚಬಹುದಾದ ಜೋಡಿ. ಆದರೆ ಡ್ಯಾನ್ಸ್ ಒಂದು ದಾಳಿ, ಅದರೊಂದಿಗೆ ಸರದಿ ಮುಗಿಯುತ್ತದೆ, ಎದುರಾಳಿಗೆ ಒಂದು ಗೀರೂ ಆಗಿರುವುದಿಲ್ಲ.

ಪರೀಕ್ಷೆ

ಕಾರ್ಡ್ ಕೊಳ್ಳುವ ಮುಂಚೆ ಬೆಲೆ ನೋಡಿಕೊಳ್ಳಿ. ಒಂದು ಪ್ಯಾಕ್ ತೆರೆದರೆ 5 ಪ್ಯಾಕ್ ಪಾಯಿಂಟ್, ನಾಲ್ಕು ವಜ್ರದ (ಕಾರ್ಡ್ ಎಷ್ಟು ಅಪರೂಪ ಎಂದು ತೋರಿಸುವ ಗುರುತು) ಇಎಕ್ಸ್ ಕಾರ್ಡ್ ಒಂದಕ್ಕೆ 500. ನೂರು ಪ್ಯಾಕ್‌ನ ದುಡಿಮೆ ಒಂದು ಕಾರ್ಡ್‌ಗೆ. ಆ ಪಾಯಿಂಟ್‌ಗಳನ್ನು ಎರಡನೇ ಮ್ಯೂಟುವಿಗೆ ಕಾಯ್ದಿಡಿ, ವಿಕಾಸದ ಕಾರ್ಡ್‌ಗಳು ಪ್ಯಾಕ್‌ಗಳಲ್ಲೇ ಸಿಗುತ್ತವೆ.

ಡೆಕ್ ಸಿದ್ಧವಾದ ಮೇಲೆ ಕಂಪ್ಯೂಟರ್ ಎದುರು ಒಂದೆರಡು ಆಟ ಆಡಿ ಕ್ರಮ ಕೈಗೂಡಿಸಿಕೊಳ್ಳಿ, ಆಮೇಲೆ ನೇರ ರ‍್ಯಾಂಡಮ್ ಪಂದ್ಯಕ್ಕೆ. ಇಪ್ಪತ್ತು ಆಟಗಳಿಗೆ ಮೂರು ವಿಷಯ ಗುರುತು ಹಾಕಿಕೊಂಡರೆ ಸಾಕು: ನೀವು ಮೊದಲೋ ಎರಡನೆಯೋ, ಮೊದಲ ಸೈಡ್ರೈವ್ ಎಷ್ಟನೇ ಸರದಿಗೆ ಬಂತು, ಆಟ ಮುಗಿದಾಗ ಕೈಯಲ್ಲಿ ಉಳಿದ ಕಾರ್ಡ್ ಯಾವುವು. ಗೆಲುವು-ಸೋಲಿಗಿಂತ ಮೂರನೆಯದು ಹೆಚ್ಚು ಹೇಳುತ್ತದೆ. ಕೈಯಲ್ಲಿ ಪದೇ ಪದೇ ಜಿಯೊವಾನಿ ಉಳಿಯುತ್ತಿದ್ದರೆ ಒಂದನ್ನು ತೆಗೆಯಿರಿ. ಗಾರ್ಡೆವಾರ್ ಉಳಿಯುತ್ತಿದ್ದರೆ ತೊಂದರೆ ಗಾರ್ಡೆವಾರ್‌ನದಲ್ಲ, ಕಿರ್ಲಿಯಾ ಸಿಗುತ್ತಿಲ್ಲ. ಕ್ಯಾಂಡಿ ಸೇರಿಸುವ ಹೊತ್ತು. ಬದಲಾಯಿಸುವಾಗ ಒಂದು ಸಲಕ್ಕೆ ಒಂದೇ ಬಗೆಯ ಕಾರ್ಡ್ ಮುಟ್ಟಿ. ಮೂರು ಬಗೆ ಒಟ್ಟಿಗೇ ಬದಲಿಸಿದರೆ ಡೆಕ್ ಸುಧಾರಿಸಿದ್ದು ಯಾವುದರಿಂದ ಎಂದು ಹೇಳಲು ಬರುವುದಿಲ್ಲ, ಮುಂದಿನ ಇಪ್ಪತ್ತು ಆಟವೂ ಅಂದಾಜಿನಲ್ಲೇ ಕಳೆಯುತ್ತದೆ.